ಸಿದ್ಧಯ್ಯ ಪುರಾಣಿಕರ ಮಕ್ಕಳ ಸಾಹಿತ್ಯ: ಮರು ಓದಿನ ಅಗತ್ಯ

ಸಿದ್ಧಯ್ಯ ಪುರಾಣಿಕರನ್ನು ‘ಕಾವ್ಯಾನಂದ’ ಎಂಬ ಕಾವ್ಯನಾಮದ ಕವಿಯೆಂದು, ‘ಸ್ವತಂತ್ರಧೀರ ಸಿದ್ಧೇಶ್ವರ’ ಅಂಕಿತದ ಆಧುನಿಕ ವಚನಕಾರರೆಂದು, ದಕ್ಷ ಆಡಳಿತಗಾರರೆಂದು ಗುರುತಿಸುತ್ತ ಬರಲಾಗಿದೆ. ‘ತುಪ್ಪಾ ರೊಟ್ಟಿ ಗೇ ಗೇ ಗೇ’, ‘ಗಿಲ್ ಗಿಲ್ ಗಿಲಿಗಚ್ಚಿ’ ಮೊದಲಾದ ಅವರ ಮಕ್ಕಳ ಕೃತಿಗಳಿಗೆ ಸಾಮಾನ್ಯವಾಗಿ ಕೃತಿಪಟ್ಟಿಯ ಕೊನೆಯ ಸಾಲಿನಲ್ಲಷ್ಟೇ ಸ್ಥಾನ ದೊರೆಯುತ್ತದೆ. ಈ ಕ್ರಮವು ಪುನರ್ವಿಮರ್ಶೆಗೆ ಒಳಗಾಗಬೇಕಾಗಿದೆ. ಮಕ್ಕಳ ಸಾಹಿತ್ಯವು ಪುರಾಣಿಕರ ಪಾಲಿಗೆ ಬಿಡುವಿನ ವೇಳೆಯ ಹವ್ಯಾಸವಾಗಿರದೆ, ಅವರು ಬಾಳಿದ ಪ್ರದೇಶದ ಭಾಷಿಕ ಚರಿತ್ರೆಯೊಡನೆ ಹೆಣೆದುಕೊಂಡ ಸಾಂಸ್ಕೃತಿಕ ಕಾರ್ಯವಾಗಿತ್ತು.

ಪುರಾಣಿಕರು ಹುಟ್ಟಿದ್ದು 1918ರಲ್ಲಿ, ಇಂದಿನ ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ. ಅದೇ ವರ್ಷ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಉನ್ನತ ಶಿಕ್ಷಣದಲ್ಲಿಯೂ ಉರ್ದು ಎಂಬುದು ನಿಜಾಮರ ಸಂಸ್ಥಾನದ ಕನ್ನಡಿಗರ ಸಾಮಾನ್ಯ ಸ್ಥಿತಿಯಾಗಿತ್ತು. ಕಲಬುರಗಿಯಲ್ಲಿಯೂ ಮುಂದೆ ಉಸ್ಮಾನಿಯಾದಲ್ಲಿಯೂ ಓದಿದ ಪುರಾಣಿಕರು ಸಂಸ್ಥಾನದ ಆಡಳಿತ ಸೇವೆಯನ್ನು ಸೇರಿ, ಮುಂದೆ ಭಾರತೀಯ ಆಡಳಿತ ಸೇವೆಯ ಅಧಿಕಾರಿಗಳಾದರು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡು, 1956ರಲ್ಲಿ ಈ ಜಿಲ್ಲೆಗಳು ಏಕೀಕೃತ ರಾಜ್ಯವನ್ನು ಸೇರಿದವು. ಆಡಳಿತದ ಗಡಿ ಬದಲಾದ ಮಾತ್ರಕ್ಕೆ ಕನ್ನಡದ ಓದುಗವರ್ಗ ಸಿದ್ಧವಾಗುವುದಿಲ್ಲ. ಅದನ್ನು ಎಳವೆಯಿಂದಲೇ ರೂಪಿಸಬೇಕಾಗುತ್ತದೆ. ಪುರಾಣಿಕರ ಮಕ್ಕಳ ಕವಿತೆಗಳನ್ನು ಈ ಹಿನ್ನೆಲೆಯಲ್ಲಿ ಓದುವುದು ಅಗತ್ಯ.

ಮಂಗಳೂರಿನ ಬಾಲ ಸಾಹಿತ್ಯ ಮಂಡಲದ ಮೂಲಕ ಶಿಶುಸಾಹಿತ್ಯಕ್ಕೆ ಅಡಿಪಾಯ ಹಾಕಿದ ಪಂಜೆ ಮಂಗೇಶರಾಯರು 1934ರಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ ಎಂಬುದು ಇಲ್ಲಿ ಗಮನಾರ್ಹ. 1987ರಲ್ಲಿ ಕಲಬುರಗಿಯಲ್ಲಿ ಸೇರಿದ 58ನೆಯ ಸಮ್ಮೇಳನಕ್ಕೆ ಸ್ವತಃ ಪುರಾಣಿಕರೇ ಅಧ್ಯಕ್ಷರಾದರು. ಈ ಎರಡು ಸಮ್ಮೇಳನಗಳ ನಡುವಿನ 53 ವರ್ಷಗಳಲ್ಲಿ ಈ ಭಾಗದ ಮಕ್ಕಳಿಗೆ ಯಾವ ಕನ್ನಡ, ಯಾರ ಕನ್ನಡ ತಲುಪಿತೆಂಬ ಪ್ರಶ್ನೆಯು ಸಂಶೋಧಕರ ಗಮನವನ್ನು ಇನ್ನೂ ಕಾಯುತ್ತಿದೆ.

ಪುರಾಣಿಕರ ಸಂಕಲನಗಳ ಶೀರ್ಷಿಕೆಗಳೇ ಈ ದಿಕ್ಕಿನಲ್ಲಿ ಸೂಚನೆ ನೀಡುತ್ತವೆ. ತುಪ್ಪ, ರೊಟ್ಟಿ, ಗಿಲಿಗಚ್ಚಿ ಇವು ಉತ್ತರ ಕರ್ನಾಟಕದ ಅಡುಗೆಮನೆ ಮತ್ತು ತೊಟ್ಟಿಲಿನ ಪದಗಳು. ಅನುಕರಣ ಶಬ್ದಗಳ ಪುನರಾವರ್ತನೆಯಿಂದ ಲಯ ಮೊದಲು ಹುಟ್ಟುತ್ತದೆ, ಅರ್ಥ ಅದನ್ನು ಹಿಂಬಾಲಿಸುತ್ತದೆ. ಇದಕ್ಕೆ ಪ್ರತಿಯಾಗಿ, ಅವರ ಪ್ರಸಿದ್ಧ ರಚನೆ ‘ಮೊದಲು ಮಾನವನಾಗು’ ವಿಧ್ಯರ್ಥದ ಧ್ವನಿಯಲ್ಲಿ ಆದರ್ಶವನ್ನು ಮುಂದಿಡುತ್ತದೆ. ಒಬ್ಬನೇ ಕವಿಯಲ್ಲಿ ಆಟ ಮತ್ತು ಉಪದೇಶ ಎಂಬ ಎರಡು ನೆಲೆಗಳು ಹೇಗೆ ಕೂಡಿ ಬಾಳಿದವು? ಮಕ್ಕಳ ಸಾಹಿತ್ಯವೆಂದರೆ ನೀತಿಬೋಧೆ ಎಂಬ ರೂಢಮೂಲ ಕಲ್ಪನೆಯನ್ನು ಪರೀಕ್ಷಿಸಲು ಪುರಾಣಿಕರಿಗಿಂತ ಉತ್ತಮ ನಿದರ್ಶನಗಳು ವಿರಳ. ಸರಳತೆಯನ್ನು ಅಲ್ಪತೆಯೆಂದು ಭಾವಿಸಿದ ವಿಮರ್ಶೆಗೆ ಈ ಪ್ರಶ್ನೆ ಎದುರಾಗಲೇ ಇಲ್ಲ.

ಈ ಚರ್ಚೆಗೆ ವರ್ತಮಾನದ ಮಹತ್ವವೂ ಇದೆ. ಅಫಜಲಪುರ ತಾಲ್ಲೂಕಿನ ಹವಳಗಾದಂತಹ ಊರುಗಳು ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿವೆ. ಕನ್ನಡದ ಜೊತೆಗೆ ಮರಾಠಿ ಮತ್ತು ದಖನಿ ಉರ್ದುವಿನ ಪದಗಳೂ ಇಲ್ಲಿನ ಆಡುಮಾತಿನಲ್ಲಿ ಬೆರೆತಿವೆ. ಇಂತಹ ಪರಿಸರದಿಂದ ಶಾಲೆಗೆ ಬರುವ ಮಗುವಿಗೆ ಪಠ್ಯದ ಶಿಷ್ಟ ಕನ್ನಡವು ಒಂದು ಹೊಸ ಭಾಷೆಯಂತೆಯೇ ತೋರಬಹುದು. ತನ್ನ ಮನೆಯ ಮಾತು ಅಚ್ಚಿನ ಪುಟದಲ್ಲಿ ಕಂಡಾಗ ಮಗುವಿಗೆ ಓದು ಪರಕೀಯವೆನಿಸುವುದಿಲ್ಲ.

ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನು ನೀಡುತ್ತ ಬಂದಿರುವುದು ಸ್ವಾಗತಾರ್ಹ. ಆದರೆ ಪುರಸ್ಕಾರವು ಅಧ್ಯಯನಕ್ಕೆ ಬದಲಿಯಾಗಲಾರದು. 1994ರಲ್ಲಿ ನಿಧನರಾದ ಪುರಾಣಿಕರ ಮಕ್ಕಳ ಕೃತಿಗಳ ಮುದ್ರಣಗಳನ್ನು ಕಾಲಾನುಕ್ರಮವಾಗಿ ಗುರುತಿಸುವುದು, ಅವುಗಳ ಪ್ರಾದೇಶಿಕ ಪದಕೋಶವನ್ನು ಸಿದ್ಧಪಡಿಸುವುದು, ಛಂದೋಲಯವನ್ನು ಜನಪದ ಶಿಶುಪ್ರಾಸಗಳೊಡನೆ ಹೋಲಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕೆಲಸಗಳು. ಸ್ನಾತಕೋತ್ತರ ಪಠ್ಯದಲ್ಲಿ ಅವರ ವಚನಗಳ ಜೊತೆಗೆ ಒಂದೆರಡು ಮಕ್ಕಳ ಕವಿತೆಗಳನ್ನೂ ಇರಿಸಿದರೆ, ಕನ್ನಡದ ಮೊದಲ ಓದು ಎಲ್ಲಿ ಆರಂಭವಾಗುತ್ತದೆಂಬ ವಿಚಾರ ಬೋಧನೆಯ ಭಾಗವಾದೀತು.