ಗುರಿಕಾರನಿಗೆ ಯಾವ ಬಂದೂಕು?

ಎನ್.ಸಿ.ಸಿ. ಶಿಬಿರದಿಂದ ಹಿಂದಿರುಗಿದ ನಮ್ಮ ಸಹಪಾಠಿ ಮಿತ್ರರಲ್ಲಿ ಈ ವರ್ಷ ಒಂದು ವಾದ ಬಿಡದೆ ನಡೆಯುತ್ತಿದೆ. “ಒಂದೊಂದು ಗುಂಡಿಗೂ ಬೋಲ್ಟನ್ನು ಎಳೆದು ನೂಕಬೇಕಾದ ಈ .22 ರೈಫಲ್ ಅಜ್ಜನ ಕಾಲದ್ದು. ತಾನಾಗಿ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್ಲನ್ನು ಕೈಗೆ ಕೊಡಲಿ, ನಮ್ಮ ಗುರಿ ಹೇಗೆ ಸುಧಾರಿಸುತ್ತದೆ ನೋಡಿ” ಎನ್ನುವವರದು ಒಂದು ಪಕ್ಷ. ಕಾರಣವನ್ನೇನೂ ಹೇಳದೆ “ಹಳೆಯದೇ ಒಳ್ಳೆಯದು” ಎಂದು ತಲೆಯಾಡಿಸುವವರದು ಇನ್ನೊಂದು ಪಕ್ಷ. ಎರಡನೆಯ ಪಕ್ಷದ ತೀರ್ಮಾನ ನನಗೆ ಸಮ್ಮತ. ಆದರೆ ಕಾರಣವಿಲ್ಲದ ತೀರ್ಮಾನಕ್ಕೂ ಮೂಢನಂಬಿಕೆಗೂ ಹೆಚ್ಚಿನ ಅಂತರವಿಲ್ಲ. ಆದುದರಿಂದ ಆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಿಷಯದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಬಂದೂಕಿನ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಒಂದು ಪುಟ್ಟ ಕೋಣೆಯಿದೆ. ಆ ಕೋಣೆಯ ಬಾಗಿಲೇ ಬೋಲ್ಟ್. ನಮ್ಮ ಮನೆಯ ಬಾಗಿಲಿನ ಚಿಲಕವನ್ನು ನೆನೆಸಿಕೊಂಡರೆ ಇದರ ರಚನೆ ತಿಳಿಯುತ್ತದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದೆ ನೂಕಿ ಕೆಳಗೆ ತಿರುಗಿಸಿದರೆ ಹೊಸ ತೋಟಾ ಒಳಸೇರಿ ಬಾಗಿಲು ಭದ್ರವಾಗುತ್ತದೆ. ಈ ಕೆಲಸವೆಲ್ಲ ಕೈಯದು. ಅರೆಸ್ವಯಂಚಾಲಿತ ಬಂದೂಕಿನಲ್ಲಾದರೋ ಇದೇ ಕೆಲಸವನ್ನು ಸಿಡಿಮದ್ದಿನ ಶಕ್ತಿಯೇ ಮಾಡಿಬಿಡುತ್ತದೆ. ನಮ್ಮ ಸೈನ್ಯದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಸ್.ಎಲ್.ಆರ್. ರೈಫಲ್ಲಿನಲ್ಲಿ ನಳಿಗೆಯ ಒಂದು ರಂಧ್ರದಿಂದ ಬಂದ ಅನಿಲ ಒಂದು ದಂಡವನ್ನು ಹಿಂದಕ್ಕೆ ತಳ್ಳಿ ಬಾಗಿಲು ತೆರೆಸುತ್ತಿತ್ತು. ಸಣ್ಣ .22 ಅರೆಸ್ವಯಂಚಾಲಿತ ರೈಫಲ್ಲುಗಳಲ್ಲಿ ಸಾಮಾನ್ಯವಾಗಿ ಬಾಗಿಲಿಗೆ ಚಿಲಕವೇ ಇರುವುದಿಲ್ಲ. ಬೋಲ್ಟಿನ ತೂಕ ಮತ್ತು ಅದರ ಹಿಂದಿನ ಸ್ಪ್ರಿಂಗು ಇವೆರಡೇ ಅದನ್ನು ಮುಚ್ಚಿಡುತ್ತವೆ. ಬಾಗಿಲಿಗೆ ಅಗಳಿ ಹಾಕುವುದಕ್ಕೂ ಒರಳುಕಲ್ಲನ್ನು ಒತ್ತಿಡುವುದಕ್ಕೂ ಇರುವ ವ್ಯತ್ಯಾಸವಿದು.

ಇನ್ನು ಗುರಿಯ ವಿಚಾರ. ಗುರಿ ಎಂದರೆ ಒಂದು ಸಲ ನಡುವಿಗೆ ಹೊಡೆಯುವುದಲ್ಲ. ಕುರುಡನೂ ಒಂದು ಸಲ ಹೊಡೆದಾನು. ಹಿಂದಿನ ಗುಂಡು ಹೋದಂತೆಯೇ ಮುಂದಿನ ಗುಂಡೂ ಹೋಗುವಂತೆ ಮಾಡುವುದೇ ಗುರಿಗಾರಿಕೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಏಕರೂಪತೆಯ ವಿದ್ಯೆ. ಗುಂಡು ಹಾರುವಾಗ ನಳಿಗೆ ಮೀಟಿದ ತಂತಿಯಂತೆ ಕಂಪಿಸುತ್ತದೆ. ಈ ಕಂಪನ ಪ್ರತಿ ಸಲವೂ ಒಂದೇ ಬಗೆಯಾಗಿದ್ದರೆ ಗುಂಡುಗಳು ಒಂದೆಡೆ ಗುಂಪಾಗಿ ಬೀಳುತ್ತವೆ. ಬೋಲ್ಟ್ ಬಂದೂಕಿನಲ್ಲಿ ಗುಂಡು ನಳಿಗೆಯನ್ನು ಬಿಡುವವರೆಗೆ ಹೊಡೆಸೂಜಿಯೊಂದನ್ನುಳಿದು ಬೇರಾವ ಭಾಗವೂ ಚಲಿಸುವುದಿಲ್ಲ. ಅನಿಲದಿಂದ ನಡೆಯುವ ಬಂದೂಕಿನಲ್ಲಿ ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಅನಿಲದ ಒಂದಂಶ ಪಕ್ಕಕ್ಕೆ ನುಗ್ಗತೊಡಗುತ್ತದೆ. ತೋಟಾ ಸಲೀಸಾಗಿ ಹೋಗಿ ಬರಲೆಂದು ಅದರ ಕೋಣೆಯನ್ನೂ ಸಾಮಾನ್ಯವಾಗಿ ತುಸು ಸಡಿಲವಾಗಿ ಕೊರೆದಿರುತ್ತಾರೆ. ಸ್ಪ್ರಿಂಗಿನ ರಭಸಕ್ಕೆ ಒಳನುಗ್ಗುವ .22 ತೋಟಾದ ಮೃದುವಾದ ಸೀಸದ ಮೂತಿಗೆ ಪೆಟ್ಟು ತಗಲುವುದೂ ಉಂಟು. ಇವೆಲ್ಲ ಬಿಡಿಬಿಡಿಯಾಗಿ ಅಲ್ಪ ದೋಷಗಳು. ಆದರೆ ಗುರಿಹಲಗೆಯ ಮೇಲೆ ಅಲ್ಪವೂ ಅಲ್ಪವಲ್ಲ.

ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಹತ್ತು ಅಂಕದ ವಲಯದ ವ್ಯಾಸ ಕೇವಲ 10.4 ಮಿಲಿಮೀಟರ್, ಎಂದರೆ ಸುಮಾರು ಕಿರುಬೆರಳಿನ ಉಗುರಿನಷ್ಟು. ನಿಯಮದಂತೆ ಪ್ರತಿ ಗುಂಡನ್ನೂ ಕೈಯಿಂದಲೇ ತುಂಬಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಲೆ ನಮ್ಮ ದೇಶಕ್ಕೆ ಕಂಚಿನ ಪದಕ ತಂದುದು ಇದೇ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅರ್ಹತಾ ಸುತ್ತಿನಲ್ಲಿ ಮಂಡಿಯೂರಿ, ಮಲಗಿ, ನಿಂತು ಒಟ್ಟು 60 ಗುಂಡು ಹೊಡೆಯಬೇಕು. ಅದಕ್ಕೆ ಕೊಡುವ ಕಾಲ 90 ನಿಮಿಷ. ಗುಂಡೊಂದಕ್ಕೆ ಒಂದೂವರೆ ನಿಮಿಷವಾಯಿತು. ಬೋಲ್ಟನ್ನು ತೆರೆದು ಮುಚ್ಚಲು ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡುಗಳನ್ನು ಉಳಿಸಿ ಗುರಿಕಾರನು ಗಳಿಸುವುದಾದರೂ ಏನು?

“ಹಾಗಾದರೆ ಸೈನ್ಯಗಳೇಕೆ ಬೋಲ್ಟ್ ಬಂದೂಕನ್ನು ಕೈಬಿಟ್ಟವು?” ಎಂದು ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ ಸರಿ. 1962ರ ಯುದ್ಧದಲ್ಲಿ ನಮ್ಮ ಯೋಧರ ಕೈಯಲ್ಲಿದ್ದುದು .303 ಲೀ-ಎನ್‌ಫೀಲ್ಡ್ ಬೋಲ್ಟ್ ರೈಫಲ್. ಆ ಯುದ್ಧದ ಕಹಿ ಅನುಭವದ ಬಳಿಕ ಎಸ್.ಎಲ್.ಆರ್. ರೈಫಲ್ಲುಗಳು ಬಂದವು. ಬಂದುದು ಯೋಗ್ಯವೇ. ಮೇಲೇರಿ ಬರುವ ಶತ್ರುವಿನ ಎದುರು ನಿಂತವನಿಗೆ ಎರಡು ಸೆಕೆಂಡು ಪ್ರಾಣದ ಬೆಲೆಯುಳ್ಳದ್ದು. ಆದರೆ ಗುರಿಹಲಗೆ ಎದುರೇರಿ ಬರುವುದಿಲ್ಲ. ಯುದ್ಧದ ಅವಶ್ಯಕತೆಯನ್ನು ಕ್ರೀಡೆಯ ಅವಶ್ಯಕತೆಯೆಂದು ಭಾವಿಸುವುದು ಗೂಡ್ಸ್ ಲಾರಿಯನ್ನು ಓಟದ ಪಂದ್ಯಕ್ಕೆ ಕಟ್ಟಿದಂತೆ. ಅಲ್ಲದೆ ದೂರದ ಒಂಟಿ ಗುರಿಯ ಕೆಲಸ ಬಂದಾಗ ಸೈನ್ಯವೂ ಬೋಲ್ಟಿನ ಕಡೆಗೆ ನೋಡುತ್ತದೆ. ನಮ್ಮ ಸ್ನೈಪರ್ ಯೋಧರು ದಶಕಗಳ ಕಾಲ ಬಳಸಿದ ದ್ರಾಗುನೋವ್ ಅರೆಸ್ವಯಂಚಾಲಿತ ರೈಫಲ್. 2022ರ ಹೊತ್ತಿಗೆ ಗಡಿ ನಿಯಂತ್ರಣ ರೇಖೆಯ ಬಳಿ ಅವರ ಕೈಗೆ ಬಂದ ಫಿನ್‌ಲ್ಯಾಂಡಿನ ಸಾಕೋ ಟಿ.ಆರ್.ಜಿ.-42 ಬೋಲ್ಟ್ ರೈಫಲ್!

ಹಾಗೆಂದು ಎದುರು ಪಕ್ಷಕ್ಕೆ ಅನ್ಯಾಯ ಮಾಡಬಾರದು. ಅಮೆರಿಕೆಯ ಸರ್ವಿಸ್ ರೈಫಲ್ ಪಂದ್ಯಗಳಲ್ಲಿ 200, 300, 600 ಗಜಗಳ ದೂರದಿಂದ ಹೊಡೆಯುತ್ತಾರೆ. ಅಲ್ಲಿ 60 ಇಲ್ಲವೆ 70 ಸೆಕೆಂಡುಗಳಲ್ಲಿ ಹತ್ತು ಗುಂಡು ಹೊಡೆಯಬೇಕಾದ ಹಂತಗಳೂ ಇವೆ. ಅಂಥ ಪಂದ್ಯಗಳಿಗೆ ಅರೆಸ್ವಯಂಚಾಲಿತ ರೈಫಲ್ಲೇ ತಕ್ಕದ್ದು. ಯಂತ್ರಶಿಲ್ಪವೂ ಬಹಳ ಮುಂದುವರಿದಿದೆ. ನಳಿಗೆಯು ಮರದ ಭಾಗಕ್ಕೆ ತಾಗದಂತೆ ಜೋಡಿಸಿದ ಇಂದಿನ ಉತ್ತಮ ಅರೆಸ್ವಯಂಚಾಲಿತ ರೈಫಲ್ಲುಗಳು, ಆಯ್ದ ತೋಟಾಗಳೊಡನೆ, 100 ಮೀಟರ್ ದೂರದಲ್ಲಿ ಐದು ಗುಂಡುಗಳನ್ನು ಮೂರು ಸೆಂಟಿಮೀಟರಿನೊಳಗೆ ಕೂಡಿಸಬಲ್ಲವು. ಬೋಲ್ಟ್ ತೆರೆಯಲು ಕೈ ಎತ್ತಿದಾಗ ಭಂಗಿ ತುಸು ಕದಲುತ್ತದೆ ಎಂಬ ಆಕ್ಷೇಪವೂ ನಿಜವೇ. ಆದರೆ ಪ್ರತಿ ಗುಂಡಿಗೂ ಭಂಗಿಯನ್ನು ಹೊಸದಾಗಿ ಪರೀಕ್ಷಿಸಿಕೊಳ್ಳುವುದೇ ಈ ವಿದ್ಯೆಯ ತಿರುಳಲ್ಲವೇ? ಇನ್ನು ಬೆಲೆಯ ಮಾತು. ಅದೇ ನಿಖರತೆಯನ್ನು ಸರಳವಾದ ಬೋಲ್ಟ್ ಬಂದೂಕು ಕಡಿಮೆ ಖರ್ಚಿನಲ್ಲಿ ಕೊಡುತ್ತದೆ. ಬಿಡಿಭಾಗಗಳು ಕಡಿಮೆ, ಕೆಡುವುದೂ ಕಡಿಮೆ.

ನನ್ನ ಮುಖ್ಯ ವಾದವಿರುವುದು ಬಂದೂಕಿನಲ್ಲಲ್ಲ, ಅದರ ಹಿಂದೆ ಮಲಗಿದವನಲ್ಲಿ. ಕಲಿಯುವವನಿಗೆ ಒಂದು ಗುಂಪಿಗೆ ಸಿಗುವುದು ಐದು ತೋಟಾ. ಬೋಲ್ಟ್ ಬಂದೂಕು ಅವನಿಗೆ ಪ್ರತಿ ಗುಂಡಿನ ನಂತರ ಬಲವಂತವಾಗಿ ಒಂದು ವಿರಾಮ ಕೊಡುತ್ತದೆ. ಉಸಿರು ಹದವಾಗಿತ್ತೇ, ಟ್ರಿಗರನ್ನು ಒತ್ತಿದೆನೇ ಕಿತ್ತೆನೇ, ಗುಂಡು ಹಾರಿದ ಗಳಿಗೆಯಲ್ಲಿ ಕಣ್ಣು ಎಲ್ಲಿತ್ತು ಎಂದು ಯೋಚಿಸಲು ಆ ವಿರಾಮ ಬೇಕು. ತಾನಾಗಿ ತುಂಬಿಕೊಂಡ ಬಂದೂಕು “ಹೊಡೆ, ಹೊಡೆ” ಎಂದು ಬೆರಳನ್ನು ಕರೆಯುತ್ತದೆ. ಹತ್ತು ಸೆಕೆಂಡಿನಲ್ಲಿ ಐದೂ ಮುಗಿದು, ಹಲಗೆಯ ಮೇಲೆ ಐದು ತೂತುಗಳು ಐದು ದಿಕ್ಕಿಗೆ ಬಿದ್ದಿರುತ್ತವೆ. ಯಾವುದು ಏಕೆ ಹಾಗೆ ಹೋಯಿತೆಂಬುದು ತಿಳಿಯದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ನಮ್ಮ ಹಿರಿಯರ ಮಾತು ಕೋವಿಯನ್ನು ಕಂಡೇ ಹುಟ್ಟಿತೇನೋ!

ಇದಕ್ಕೂ ದೊಡ್ಡದು ಪ್ರಾಣದ ಪ್ರಶ್ನೆ. ಅರೆಸ್ವಯಂಚಾಲಿತ ಬಂದೂಕು, ಮ್ಯಾಗಜೀನಿನಲ್ಲಿ ತೋಟಾ ಇರುವವರೆಗೆ, ಪ್ರತಿ ಗುಂಡು ಹಾರಿದೊಡನೆ ಮತ್ತೆ ತುಂಬಿ ಸಿದ್ಧವಾಗಿರುತ್ತದೆ. ಹೊಸಬನು ಅದನ್ನು ಮರೆತು “ನನ್ನ ಗುಂಡು ಎಲ್ಲಿ ಬಿತ್ತು?” ಎಂದು ಹಿಂದಿರುಗಿ ಕೇಳಿದನೆಂದರೆ ನಳಿಗೆಯೂ ಅವನೊಡನೆ ಹಿಂದಿರುಗುತ್ತದೆ. ಬೋಲ್ಟ್ ಬಂದೂಕಾದರೋ ಕೈಯಿಂದ ತುಂಬದೆ ಸಿದ್ಧವಾಗದು. ಬೋಲ್ಟ್ ತೆರೆದಿದ್ದರೆ ಹತ್ತು ಹೆಜ್ಜೆ ದೂರದಲ್ಲಿ ನಿಂತ ಶಿಕ್ಷಕರಿಗೂ ಅದು ಒಂದೇ ನೋಟಕ್ಕೆ ಕಾಣುತ್ತದೆ. ಒಬ್ಬರ ಪಕ್ಕ ಒಬ್ಬರು ಸಾಲಾಗಿ ಮಲಗಿ ಕಲಿಯುವ ಮೈದಾನದಲ್ಲಿ ಈ ಒಂದು ಕಾರಣವೇ ನನಗೆ ಸಾಕು.

ಒಂದೇ ಈಡಿಗೆ ಗೌರವ ಕೊಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಕೊಡಗಿನಲ್ಲಿ ಸೆಪ್ಟೆಂಬರ್ ತಿಂಗಳಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳನ್ನೂ ನಡೆಸುತ್ತಾರೆ. ಅಲ್ಲಿ ಜನ ಮೆಚ್ಚುವುದು ಕಾಯಿ ಒಡೆದ ಈಡನ್ನೇ ಹೊರತು ಹಾರಿಸಿದ ಈಡುಗಳ ಲೆಕ್ಕವನ್ನಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ ಅವರು 2004ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ಪಿನ 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದರು. ನಲವತ್ತು ಸಲ ಒಂದೊಂದೇ ಗುಂಡನ್ನು ಕೈಯಿಂದ ಇಟ್ಟು, ನಲವತ್ತು ಸಲವೂ ಹತ್ತು. ದ್ರೋಣರ ಪರೀಕ್ಷೆಯಲ್ಲಿ ಹಕ್ಕಿಯ ಕಣ್ಣೊಂದನ್ನೇ ಕಂಡ ಅರ್ಜುನನ ಕಥೆಯನ್ನು ನಾವು ಮೆಚ್ಚಿ ಓದುತ್ತೇವೆ. ಬತ್ತಳಿಕೆಯಿಂದ ಬಾಣ ಎಷ್ಟು ಬೇಗ ಬರುತ್ತದೆಂದು ದ್ರೋಣರು ಅಂದು ಕೇಳಲಿಲ್ಲ.

ಆದುದರಿಂದ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಹೊಸ ಬಗೆಯ ಬಂದೂಕು ಬೇಕೆಂದು ಕೇಳುವ ಮೊದಲು ಇರುವ ಬಂದೂಕಿನಿಂದ ಪೂರ್ಣ ಫಲ ಪಡೆಯೋಣ. ಶಿಕ್ಷಕರ ಸಮ್ಮುಖದಲ್ಲಿ, ಗುಂಡಿಲ್ಲದೆ, ಹೊಡೆದು ಖಾಲಿಯಾದ ತೋಟಾವನ್ನು ಇಟ್ಟು ಟ್ರಿಗರ್ ಒತ್ತುವ ಅಭ್ಯಾಸವನ್ನು ವಾರಕ್ಕೆರಡು ಸಂಜೆ ಮಾಡೋಣ. ಇದಕ್ಕೆ ಕಾಸಿನ ಖರ್ಚಿಲ್ಲ. ಬೋಲ್ಟ್ ಬಂದೂಕಿನಲ್ಲಿ ಈ ಅಭ್ಯಾಸಕ್ಕೂ ನಿಜವಾದ ಹೊಡೆತಕ್ಕೂ ಕೈಯ ಕೆಲಸ ಒಂದೇ. ಪ್ರತಿಯೊಬ್ಬರೂ ಒಂದು ಪುಸ್ತಕವಿಟ್ಟು ಪ್ರತಿ ಗುಂಡು ಎಲ್ಲಿ ಬಿತ್ತು, ಏಕೆ ಬಿತ್ತು ಎಂದು ಬರೆದಿಡೋಣ. ಕಾಲೇಜಿನ ಹಿರಿಯರಲ್ಲಿ ಏನನ್ನಾದರೂ ಕೇಳುವುದಿದ್ದರೆ ಇನ್ನಷ್ಟು ತೋಟಾಗಳನ್ನೂ ಒಂದು ಒಳ್ಳೆಯ ಏರ್ ರೈಫಲ್ಲನ್ನೂ ಕೇಳೋಣ.

ಐದು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದಡಿ ಮುಚ್ಚುವಂತೆ ಹೊಡೆಯಬಲ್ಲವನು ಮುಂದೆ ಯಾವ ಬಂದೂಕನ್ನಾದರೂ ಹಿಡಿಯಲಿ, ಅದರೊಡನೆ ಬಾಳುತ್ತಾನೆ. ಅದು ಬಾರದವನ ಕೈಯಲ್ಲಿ ಅರೆಸ್ವಯಂಚಾಲಿತ ಬಂದೂಕು ತಪ್ಪುಗಳನ್ನು ಬೇಗ ಬೇಗ ಮಾಡುವ ಯಂತ್ರ ಮಾತ್ರ.