ಹೊಸ ಟೀಚರ್ ಯಾರ ಕೈಕೆಳಗೆ ಕಲಿಯಬೇಕು?

2025ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಶಿಕ್ಷಕರ ತರಬೇತಿಗೆ ಕೊಡುತ್ತಿದ್ದ ಎರಡು ದೊಡ್ಡ ಯೋಜನೆಗಳ 109 ಅನುದಾನಗಳ ಪೈಕಿ 104ನ್ನು ರದ್ದುಪಡಿಸಿತು. ತರಬೇತಿಯ ಹೆಸರಿನಲ್ಲಿ ಒಡಕು ಹುಟ್ಟಿಸುವ ವಿಚಾರಗಳನ್ನು ಕಲಿಸಲಾಗುತ್ತಿದೆ ಎಂಬುದು ಇಲಾಖೆ ಕೊಟ್ಟ ಕಾರಣ. ಎಂಟು ರಾಜ್ಯಗಳು ಕೋರ್ಟಿಗೆ ಹೋದವು. ಮಾರ್ಚ್‌ನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶರು ರದ್ದತಿಗೆ ತಡೆ ಕೊಟ್ಟರಾದರೂ ಎಪ್ರಿಲ್ 4ರಂದು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಆ ತಡೆಯನ್ನೇ ಅಮಾನತಿನಲ್ಲಿಟ್ಟಿತು.

ಈ ರಾಜಕೀಯ ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ಓದುಗರಲ್ಲಿ ಶಾಲೆಗಳಲ್ಲಿ ದುಡಿಯುವವರು ಬಹಳ ಮಂದಿ ಇರುವುದರಿಂದ ನಿಂತುಹೋದ ಕೆಲಸ ಯಾವುದೆಂದು ಸ್ವಲ್ಪ ಬಿಡಿಸಿ ನೋಡೋಣ.

ಅಮೆರಿಕದಲ್ಲಿ ಸರಕಾರಿ ಶಾಲೆಗಳನ್ನು ನಡೆಸುವುದು ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಅವುಗಳ ಆದಾಯದ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಹೀಗಾಗಿ ದೊಡ್ಡ ನಗರಗಳ ಬಡ ಬಡಾವಣೆಗಳ ಶಾಲೆಗಳಿಗೆ ಅನುಭವಿ ಶಿಕ್ಷಕರು ಸಿಗುವುದು ಕಷ್ಟ. ಬರುವ ಹೊಸಬರು ಕೆಲಸ ಕಲಿಯುವಷ್ಟರಲ್ಲಿ ಬೇರೆಡೆಗೆ ಹೊರಡುತ್ತಾರೆ. ಮಕ್ಕಳಿಗೆ ವರ್ಷ ವರ್ಷವೂ ಹೊಸ ಮುಖ. ಇದಕ್ಕೆ ಪರಿಹಾರವಾಗಿ 1990ರಲ್ಲಿ ಹೋಮ್ಸ್ ಗ್ರೂಪ್ ಎಂಬ ವಿಶ್ವವಿದ್ಯಾನಿಲಯಗಳ ಕೂಟವು ಒಂದು ವಿಚಾರ ಮುಂದಿಟ್ಟಿತು. ಡಾಕ್ಟರಾಗುವವನು ಆಸ್ಪತ್ರೆಯಲ್ಲಿ ರೋಗಿಗಳ ಮಧ್ಯೆ ಕಲಿಯುವಂತೆ, ಟೀಚರಾಗುವವನು ನಿಜವಾದ ಶಾಲೆಯಲ್ಲಿ ಮಕ್ಕಳ ಮಧ್ಯೆ ಕಲಿಯಬೇಕು. ಆ ಶಾಲೆಯನ್ನು ಯೂನಿವರ್ಸಿಟಿಯೂ ಡಿಸ್ಟ್ರಿಕ್ಟೂ ಸೇರಿ ರೂಪಿಸಬೇಕು.

ಈ ವಿಚಾರವನ್ನು ಮುಂದಕ್ಕೆ ಒಯ್ದ ಪ್ರಯೋಗಗಳಲ್ಲಿ ಬಾಸ್ಟನ್ ಟೀಚರ್ ರೆಸಿಡೆನ್ಸಿ ಒಂದು. 2003ರಲ್ಲಿ ಅಲ್ಲಿನ ಸರಕಾರಿ ಶಾಲೆಗಳಿಗಾಗಿಯೇ ಶುರುವಾದ ಈ ವ್ಯವಸ್ಥೆಯಲ್ಲಿ ಅಭ್ಯರ್ಥಿಯು ಇಡೀ ವರ್ಷ ವಾರಕ್ಕೆ ನಾಲ್ಕು ದಿನ ಅನುಭವಿ ಟೀಚರೊಬ್ಬರ ತರಗತಿಯಲ್ಲೇ ಇರುತ್ತಿದ್ದ. ಉಳಿದ ಸಮಯ ಓದು. ಸ್ನಾತಕೋತ್ತರ ಪದವಿ ಕೊಡುತ್ತಿದ್ದುದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಬಾಸ್ಟನ್ ಶಾಖೆ. ಪದವಿಯ ನಂತರ ಮೂರು ವರ್ಷ ಆ ನಗರದಲ್ಲೇ ಕಲಿಸುವ ಕರಾರು.

ಇದರ ಫಲವನ್ನು 2011ರಲ್ಲಿ ಅಧ್ಯಯನ ಮಾಡಿದ ಸಂಶೋಧಕರು ಕಂಡದ್ದು ಮಿಶ್ರ ಚಿತ್ರ. ಹೀಗೆ ತಯಾರಾದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಮಂದಿ ಐದನೇ ವರ್ಷವೂ ಅಲ್ಲೇ ಇದ್ದರು. ಇತರ ಹೊಸಬರಲ್ಲಿ ಉಳಿದವರು ಅರ್ಧದಷ್ಟು. ಆದರೆ ಗಣಿತ ಕಲಿಸುವುದರಲ್ಲಿ ಮೊದಲ ವರ್ಷ ಅವರು ಬೇರೆ ಹೊಸಬರಿಗಿಂತ ಹಿಂದೆಯೇ ಇದ್ದರು. ನಾಲ್ಕೈದು ವರ್ಷಗಳಲ್ಲಿ ಹಳಬರನ್ನೂ ಮೀರಿಸಿದರು. ನಮಗೆ ಮುಖ್ಯವೆನಿಸುವುದು ಇದೇ. ಫಲ ಕಾಣಲು ನಾಲ್ಕೈದು ವರ್ಷ ಬೇಕಾದ ಕೆಲಸಕ್ಕೆ ಒಂದು ಸಹಿಯಿಂದ ನಿಲ್ಲಬಹುದಾದ ಹಣವನ್ನು ನೆಚ್ಚಿಕೊಳ್ಳುವುದು ಹೇಗೆ?

ಕರಾರುಪತ್ರದಲ್ಲಿ ಡೀನರ ಸಹಿ, ಸೂಪರಿಂಟೆಂಡೆಂಟರ ಸಹಿ ಇರುತ್ತದೆ. ಹೊರೆ ಹೊರುವವರು ಮಾತ್ರ ಸಹಿ ಹಾಕದ ಆ ಮಾರ್ಗದರ್ಶಿ ಟೀಚರು. ತನ್ನ ಮಕ್ಕಳ ಪಾಠ, ಪರೀಕ್ಷೆ, ತಿದ್ದುವಿಕೆ ಎಲ್ಲ ಮುಗಿಸಿ, ಪಕ್ಕದಲ್ಲಿ ನಿಂತ ಹೊಸಬನಿಗೆ ಎಲ್ಲಿ ತಪ್ಪಿತೆಂದು ಹೇಳಬೇಕು. ಅವರಿಗೆ ಬಿಡುವು ಕೊಡದಿದ್ದರೆ ಪಾಲುದಾರಿಕೆ ಕಾಗದದ ಮೇಲೆಯೇ ಉಳಿಯುತ್ತದೆ. ಯೂನಿವರ್ಸಿಟಿಯೇ ಎಲ್ಲವನ್ನೂ ಕೈಗೆತ್ತಿಕೊಂಡರೆ ಆದೀತೆ? ಬಾಸ್ಟನ್ ಯೂನಿವರ್ಸಿಟಿ ನೆರೆಯ ಬಡ ಪಟ್ಟಣ ಚೆಲ್ಸಿಯ ಶಾಲೆಗಳ ಆಡಳಿತವನ್ನೇ 1989ರಲ್ಲಿ ವಹಿಸಿಕೊಂಡು 2008ರಲ್ಲಿ ಹಿಂದಿರುಗಿಸಿತು. ಆರಂಭದಲ್ಲೇ ಶಿಕ್ಷಕರ ಸಂಘವೂ ಲ್ಯಾಟಿನೊ ಮುಖಂಡರೂ ವಿರೋಧಿಸಿದ್ದರು. ತಮ್ಮನ್ನು ಕೇಳದೆ ಹೊರಗಿನವರಿಗೆ ಶಾಲೆ ಒಪ್ಪಿಸಿದ್ದು ಅವರ ಆಕ್ಷೇಪವಾಗಿತ್ತು.

ನಮ್ಮ ನಾಡಿಗೆ ಈ ವಿಚಾರ ಹೊಸತೇನಲ್ಲ. 1963ರಲ್ಲಿ ಎನ್.ಸಿ.ಇ.ಆರ್.ಟಿ. ಮೈಸೂರಿನಲ್ಲಿ ತೆರೆದ ಪ್ರಾದೇಶಿಕ ಶಿಕ್ಷಣ ಕಾಲೇಜಿಗೆ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ತಜ್ಞರು ನೆರವಾಗಿದ್ದರು. ಅಭ್ಯಾಸಕ್ಕೆಂದೇ ಅಲ್ಲಿ ಪ್ರಾತ್ಯಕ್ಷಿಕ ಶಾಲೆಯೂ ಉಂಟು. ಎನ್.ಸಿ.ಟಿ.ಇ.ಯ 2014ರ ನಿಯಮದಂತೆ ಎರಡು ವರ್ಷಗಳಾದ ಬಿ.ಎಡ್.ನಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕೆಂದಿತ್ತು. ಆದರೆ ಆ ವಾರಗಳಲ್ಲಿ ಬರುವ ಟ್ರೈನಿಗಳನ್ನು ರಜೆ ಹಾಕಿದ ಟೀಚರ ಪಿರಿಯಡ್ ತುಂಬಿಸಲು ಕಳುಹಿಸುವ ಶಾಲೆಗಳನ್ನು ನಾವೂ ಕಂಡಿದ್ದೇವೆ, ನೀವೂ ಕಂಡಿರುತ್ತೀರಿ!

ಅಮೆರಿಕದಲ್ಲಿ ಈಗ ಕೆಲವು ರಾಜ್ಯಗಳು ತಮ್ಮ ಬೊಕ್ಕಸವನ್ನೇ ನೆಚ್ಚಿಕೊಂಡಿವೆ. ಕೇಂದ್ರದ ರದ್ದತಿಗೆ ಬಹಳ ಮೊದಲೇ ಕ್ಯಾಲಿಫೋರ್ನಿಯಾ ಇಂಥ ರೆಸಿಡೆನ್ಸಿಗಳಿಗೆ 2018ರಲ್ಲಿ 7.5 ಕೋಟಿ ಡಾಲರ್, 2021ರಲ್ಲಿ 35 ಕೋಟಿ ಡಾಲರ್ ತೆಗೆದಿಟ್ಟಿತ್ತು. ಅದೂ ಅನುದಾನವೇ. ಡಿಸ್ಟ್ರಿಕ್ಟಿನ ಖಾಯಂ ಸಂಬಳದ ಲೆಕ್ಕದಲ್ಲಿ ಮಾರ್ಗದರ್ಶಿ ಟೀಚರ ಹೆಸರಿಗೆ ದಿನಕ್ಕೊಂದು ಪಿರಿಯಡ್ ಬಿಡುವು ಬರೆಯುವವರೆಗೆ, ಮುಂದಿನ ಸರಕಾರ ಏನು ಮಾಡೀತು ಎಂದು ಅವರು ಕಾಯುತ್ತಲೇ ಇರಬೇಕಾಗುತ್ತದೆ.