ಬಲೆಯ ಕಣ್ಣು

1991ನೆಯ ಇಸವಿ ಆಗಸ್ಟ್ 23. ನಾರ್ವೆ ದೇಶದ ಸ್ಟಾವಂಗರ್ ನಗರದ ಸಮೀಪದಲ್ಲಿ ಕಾಂಕ್ರೀಟಿನ ಒಂದು ಮಹಾಪೀಠವನ್ನು ಪರೀಕ್ಷಾರ್ಥವಾಗಿ ಕಡಲ ನೀರಿನೊಳಕ್ಕೆ ಮೆಲ್ಲಮೆಲ್ಲನೆ ಇಳಿಸಲಾಗುತ್ತಿತ್ತು. ಉತ್ತರ ಸಮುದ್ರದಲ್ಲಿ, 82 ಮೀಟರ್ ಆಳದ ನೀರಿನಲ್ಲಿ ನಿಂತು, ಕಡಲ ತಳದಡಿಯ ಅನಿಲವನ್ನು ತೆಗೆಯಬೇಕಾಗಿದ್ದ ‘ಸ್ಲೈಪ್ನರ್ ಎ’ ಎಂಬ ಸ್ಥಾವರಕ್ಕೆ ಅದೇ ಬುನಾದಿ. ಇದ್ದಕ್ಕಿದ್ದಂತೆ ಒಳಗೋಡೆಯೊಂದು ಬಿರಿಯಿತು; ನೀರು ನುಗ್ಗಿತು. ಮೇಲಿದ್ದವರೆಲ್ಲರೂ ಪಾರಾದರು, ಪೀಠ ಮಾತ್ರ ತಳ ಸೇರಿ ನುಚ್ಚುನೂರಾಯಿತು. ಅದು ಅಪ್ಪಳಿಸಿದ ರಭಸಕ್ಕೆ ಭೂಕಂಪಮಾಪಕಗಳೂ ನಡುಗಿದವು. ನಷ್ಟ ಸುಮಾರು 70 ಕೋಟಿ ಡಾಲರು.

ಕಾಂಕ್ರೀಟು ಕಳಪೆಯೆ? ಅಲ್ಲ. ದೋಷದ ಮೂಲ ಲೆಕ್ಕದಲ್ಲಿತ್ತು.

ಇಂತಹ ಜಟಿಲ ಕಟ್ಟಡದ ಬಲಾಬಲವನ್ನು ಒಂದೇ ಸೂತ್ರದಿಂದ ಅಳೆಯಲಾಗದು. ಆದ್ದರಿಂದ ಎಂಜಿನಿಯರರು ಅದರ ಚಿತ್ರದ ಮೇಲೆ ಬಲೆಯೊಂದನ್ನು ಹಾಸಿ, ಅದನ್ನು ಸಣ್ಣ ಸಣ್ಣ ತುಂಡುಗಳನ್ನಾಗಿ ವಿಭಾಗಿಸುತ್ತಾರೆ. ಪ್ರತಿಯೊಂದು ತುಂಡಿನಲ್ಲಿಯೂ ಒತ್ತಡ ಸರಳವಾಗಿ ಬದಲಾಗುವುದೆಂದು ಭಾವಿಸಿ, ಎಲ್ಲವನ್ನೂ ಒಟ್ಟುಗೂಡಿಸಿ ಕಂಪ್ಯೂಟರು ಉತ್ತರ ಹೇಳುತ್ತದೆ. ಇದೇ ಫೈನೈಟ್ ಎಲಿಮೆಂಟ್ ವಿಧಾನ. ರಂಗೋಲಿಯ ಚುಕ್ಕಿಗಳು ವಿರಳವಾದರೆ ಬಳ್ಳಿಯ ಬಾಗು ಬಾರದಷ್ಟೆ? ಹಾಗೆಯೇ ಒತ್ತಡ ಥಟ್ಟನೆ ಏರುವ ಮೂಲೆಯಲ್ಲಿ ಬಲೆಯ ಕಣ್ಣು ದೊಡ್ಡದಾದರೆ ಆ ಏರಿಕೆ ಲೆಕ್ಕದೊಳಗೆ ಸಿಕ್ಕುವುದಿಲ್ಲ.

ಸ್ಲೈಪ್ನರಿನಲ್ಲಿ ಆದದ್ದು ಇದೇ. ಪೀಠದ ಕೊಳವೆಯಾಕಾರದ ಕೋಶಗಳು ಮೂರು ಮೂರಾಗಿ ಸಂಧಿಸುವೆಡೆ ತ್ರಿಕೋನದ ಸಂದುಗಳಿದ್ದವು. ಅವುಗಳೊಳಗೆ ಕಡಲ ನೀರು ತುಂಬಿ ಗೋಡೆಗಳನ್ನು ಒತ್ತುತ್ತಿತ್ತು. ಅಲ್ಲಿಯ ಬಲೆ ಒರಟಾಗಿತ್ತು. ಕೆಲವು ತುಂಡುಗಳ ಆಕಾರವೂ ಸೊಟ್ಟಗಿತ್ತು. ಕತ್ತರಿಸುವ ಬಲ ವಾಸ್ತವಕ್ಕಿಂತ ನೂರಕ್ಕೆ 47ರಷ್ಟು ಕಡಿಮೆಯೆಂದು ಲೆಕ್ಕ ಬಂದಿತು. ಗೋಡೆ ತೆಳುವಾಯಿತು; ಉಕ್ಕಿನ ಸರಳುಗಳ ಹಿಡಿತವೂ ಸಾಲದಾಯಿತು. ಅಪಘಾತದ ಬಳಿಕ ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ, 62 ಮೀಟರ್ ನೀರಿನ ಒತ್ತಡಕ್ಕೆ ಗೋಡೆ ಒಡೆಯುವುದೆಂದು ತಿಳಿಯಿತು. ನಿಜಕ್ಕೂ ಒಡೆದದ್ದು ಸುಮಾರು 65 ಮೀಟರಿನಲ್ಲಿ!

ಹಾಗಾದರೆ ಎಲ್ಲೆಡೆಯೂ ನಯವಾದ ಬಲೆಯನ್ನೇ ಹೆಣೆಯಬಾರದೆ? ಘನವಸ್ತುವಿನಲ್ಲಿ ತುಂಡಿನ ಪ್ರತಿಯೊಂದು ಅಂಚನ್ನೂ ಅರ್ಧಕ್ಕಿಳಿಸಿದರೆ ಒಂದು ತುಂಡು ಎಂಟಾಗುತ್ತದೆ; ಕಂಪ್ಯೂಟರಿನ ದುಡಿಮೆ ಅದಕ್ಕಿಂತಲೂ ಮಿಗಿಲಾಗಿ ಬೆಳೆಯುತ್ತದೆ. ಆದುದರಿಂದ ಮೂಲೆ, ರಂಧ್ರ, ಕೂಡುಸ್ಥಳಗಳಲ್ಲಿ ಬಲೆಯನ್ನು ಒತ್ತಾಗಿಯೂ ಒತ್ತಡ ನಿಧಾನವಾಗಿ ಬದಲಾಗುವೆಡೆ ವಿರಳವಾಗಿಯೂ ಹೆಣೆಯುವುದು ಜಾಣತನ. ಬಳಿಕ ಬಲೆಯನ್ನು ಇನ್ನಷ್ಟು ಬಿಗಿದು ಮತ್ತೊಮ್ಮೆ ಲೆಕ್ಕ ಹಾಕಬೇಕು. ಉತ್ತರ ಕದಲಿದರೆ ಮೊದಲಿನದನ್ನು ನಂಬಲಾಗದು. ಕದಲದೆ ನಿಂತರೆ ಬಲೆ ಸಾಕಷ್ಟು ನಯವಾಗಿದೆಯೆಂದು ತಿಳಿಯಬಹುದು. ಜೊತೆಗೆ, ಕಾಗದದ ಮೇಲೆ ಕೈಯಿಂದ ಮಾಡಿದ ಸ್ಥೂಲ ಗಣಿತದ ಸಾಕ್ಷ್ಯವೂ ಇರುವುದು ಲೇಸು.

ಹೊಸ ಪೀಠವನ್ನು ಕಟ್ಟಿ, 1993ರಲ್ಲಿ ಸ್ಲೈಪ್ನರ್ ಕೆಲಸಕ್ಕೆ ತೊಡಗಿತು. ಕಂಪ್ಯೂಟರು ಲೆಕ್ಕ ತಪ್ಪುವುದು ಅಪರೂಪ. ಆದರೆ ಬಲೆಯನ್ನು ಹೆಣೆದವರು ಎಲ್ಲಿ ನೋಡೆಂದರೋ ಅಲ್ಲಿ ಮಾತ್ರ ಅದು ನೋಡುತ್ತದೆ.